ಮಕ್ಕಳು ‘ಕಾರ್ಟ್ ಸರಿಯಿಲ್ಲ’ ಅಂದಾಗ

ಮಗಳು ಗೋ-ಕಾರ್ಟ್ (ಪುಟ್ಟ ರೇಸ್ ಕಾರು) ಪ್ರಾಕ್ಟೀಸ್ ಮುಗಿಸಿ ಬಂದು ‘ಕಾರ್ಟ್ ಚೆನ್ನಾಗಿಲ್ಲಪ್ಪ’ ಅಂದರೆ ಮೆಕ್ಯಾನಿಕ್‌ಗೆ ಏನೂ ತಿಳಿಯುವುದಿಲ್ಲ, ಅಲ್ವಾ? ನಾವು ಈಗ ಹಾಳೆಯ ಮೇಲೆ ಟ್ರ್ಯಾಕ್ ಬಿಡಿಸಿ ಅವಳ ಕೈಗೆ ಪೆನ್ಸಿಲ್ ಕೊಡುತ್ತೇವೆ. ಯಾವ ತಿರುವು? ಬ್ರೇಕ್ ಹಾಕುವಾಗಲೋ, ತಿರುವಿನ ನಡುವೆಯೋ, ಆಕ್ಸಿಲರೇಟರ್ ಒತ್ತಿದ ಮೇಲೋ? ಸ್ಟೀರಿಂಗ್ ತಿರುಗಿಸಿದರೂ ಕಾರ್ಟ್ ನೇರ ಹೋದರೆ ‘ಮುಂಭಾಗ ಜಾರಿತು’ ಅನ್ನಲಿ. ಹಿಂಭಾಗ ಹೊರಕ್ಕೆ ಬೀಸಿದರೆ ‘ಹಿಂಭಾಗ ಜಾರಿತು’ ಅನ್ನಲಿ. ಅಂಡರ್‌ಸ್ಟೀರ್, ಓವರ್‌ಸ್ಟೀರ್ ಎಂಬ ಇವೆರಡರ ಹೆಸರುಗಳು ನಿಧಾನಕ್ಕೆ ಬರಲಿ.

ಮೊದಲ ಲ್ಯಾಪ್‌ನಿಂದಲೇ ಹೀಗಾ, ಟೈರ್ ಬಿಸಿಯಾದ ಮೇಲಾ ಅಂತಲೂ ಕೇಳಿ. ಟೈರ್‌ನ ಗಾಳಿ ಹೆಚ್ಚು ಕಡಿಮೆ ಮಾಡಲು ಅದು ಒಳ್ಳೆಯ ಸುಳಿವು. ಲ್ಯಾಪ್ ಟೈಮ್ ಮಾತ್ರ ಆಮೇಲೆ ತೋರಿಸಿ. ಮೊದಲೇ ನೋಡಿದರೆ ಅದಕ್ಕೆ ತಕ್ಕ ಕಥೆ ಕಟ್ಟುತ್ತಾರೆ! ‘ಗೊತ್ತಾಗಲಿಲ್ಲ’ ಅಂದರೆ ಸುಮ್ನೆ ಒಪ್ಪಿಕೊಳ್ಳಿ, ಒತ್ತಾಯ ಬೇಡ.