ರಸ್ಟ್ ಕಲಿಯುವವರಿಗೆ ಕಾರ್ಗೋ: ಪಟ್ಟಿಯೂ ಬೇಕು, ಬಿಲ್ಲೂ ಬೇಕು

ಕೆಲವು ವರ್ಷಗಳ ಹಿಂದೆ ಗಣೇಶ ಹಬ್ಬಕ್ಕೆ ದಾವಣಗೆರೆಯ ನಮ್ಮ ಓಣಿಯಲ್ಲಿ ಲಕ್ಕಿ ಡಿಪ್ ಇಟ್ಟಿದ್ದೆವು. ಒಟ್ಟು 500 ಟಿಕೆಟ್. ನಂಬರ್ ಎತ್ತಲು ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ರಸ್ಟ್ ಭಾಷೆಯಲ್ಲಿ ಪ್ರೋಗ್ರಾಂ ಬರೆದಿದ್ದ. ಅವನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ಓಡಿತ್ತು. ಪೆಂಡಾಲಿನ ಲ್ಯಾಪ್‌ಟಾಪ್‌ಗೆ ಹಾಕಿದರೆ ಬರೀ ಕೆಂಪು ಅಕ್ಷರ. ಕೊನೆಗೆ ಸ್ಟೀಲ್ ಡಬ್ಬಿಗೆ ಚೀಟಿ ಹಾಕಿ, ಪುಟ್ಟ ಹುಡುಗಿಯ ಕೈಲಿ ಎತ್ತಿಸಿದೆವು. ಹುಡುಗನ ಮುಖ ಸಣ್ಣದಾಗಿತ್ತು. ಅವನು ತಂದಿರದೆ ಇದ್ದದ್ದು ಒಂದೇ ಒಂದು ಫೈಲು.

ಕಾರ್ಗೋ ಅಂದರೆ ರಸ್ಟ್‌ನ ಪ್ಯಾಕೇಜ್ ಮ್ಯಾನೇಜರ್. ಬೇರೆಯವರು ಬರೆದಿಟ್ಟ ಕೋಡ್ ತರುವುದೂ ಅದೇ, ನಮ್ಮ ಕೋಡಿನ ಜೊತೆ ಕಟ್ಟಿ ಪ್ರೋಗ್ರಾಂ ಮಾಡಿಕೊಡುವುದೂ ಅದೇ. ಓಪನ್ ಸೋರ್ಸ್, ದುಡ್ಡು ಕೊಡಬೇಕಿಲ್ಲ. 2015ರ ಮೇನಲ್ಲಿ ರಸ್ಟ್ 1.0 ಬಂದಾಗಿನಿಂದಲೂ ಜೊತೆಗೇ ಇದೆ.

ಮೊದಲು ರಸ್ಟ್‌ನ ಅಧಿಕೃತ ಜಾಲತಾಣದಿಂದ ರಸ್ಟ್‌ಅಪ್, ಅಂದರೆ ರಸ್ಟ್ ಇನ್‌ಸ್ಟಾಲ್ ಮಾಡಿಕೊಡುವ ಪ್ರೋಗ್ರಾಂ, ಹಾಕಿಕೊಳ್ಳಿ. ಕಾರ್ಗೋ ಅದರೊಟ್ಟಿಗೇ ಬರುತ್ತದೆ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಸಿ ಪ್ಲಸ್ ಪ್ಲಸ್ ಬಿಲ್ಡ್ ಟೂಲ್ಸ್ ಕೂಡ ಕೇಳಬಹುದು. ಅದು ಡೇಟಾ ಜಾಸ್ತಿ ತಿನ್ನುತ್ತದೆ, ವೈಫೈ ಇರುವ ಕಡೆ ಮಾಡಿ.

ಇನ್ನು ಟರ್ಮಿನಲ್, ಅಂದರೆ ಆದೇಶ ಟೈಪ್ ಮಾಡುವ ವಿಂಡೋ, ತೆರೆಯಿರಿ. ಇಲ್ಲಿ ಕನ್ನಡದಲ್ಲಿ ಬರೆದ ಆದೇಶಗಳನ್ನೆಲ್ಲ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು. 'ಕಾರ್ಗೋ ನ್ಯೂ' ಅಂತ ಬರೆದು, ಜಾಗ ಬಿಟ್ಟು ಪ್ರಾಜೆಕ್ಟ್ ಹೆಸರು ಕೊಡಿ. ಹೊಸ ಫೋಲ್ಡರ್ ಬರುತ್ತದೆ. ಅದರೊಳಗೆ ಹೋಗಿ 'ಕಾರ್ಗೋ ರನ್' ಒತ್ತಿದರೆ 'ಹಲೋ, ವರ್ಲ್ಡ್' ಅಂತ ಪರದೆಯ ಮೇಲೆ ಬಂದಾಯಿತು. ಕೋಡ್ ಸರಿ ಇದೆಯಾ ಅಂತ ನೋಡಲು ಮಾತ್ರ 'ಕಾರ್ಗೋ ಚೆಕ್' ಸಾಕು, ಬೇಗ ಮುಗಿಯುತ್ತದೆ.

ಲಕ್ಕಿ ಡಿಪ್‌ಗೆ ಯಾವುದೋ ಒಂದು ನಂಬರ್ ಬೇಕಲ್ವಾ? ಅದಕ್ಕೆ 'ರ‍್ಯಾಂಡ್' ಅನ್ನುವ ಕ್ರೇಟ್ ಇದೆ. ರಸ್ಟ್‌ನಲ್ಲಿ ಇಂಥ ಕೋಡಿನ ಗಂಟಿಗೆ ಕ್ರೇಟ್ ಅನ್ನುತ್ತಾರೆ. 'ಕಾರ್ಗೋ ಆ್ಯಡ್ ರ‍್ಯಾಂಡ್' ಅಂದರೆ ಅದು ನಿಮ್ಮ ಪ್ರಾಜೆಕ್ಟಿಗೆ ಸೇರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. ಫೋಲ್ಡರ್‌ನಲ್ಲಿ ಈಗ ಎರಡು ಫೈಲುಗಳಿವೆ: ಕಾರ್ಗೋ ಡಾಟ್ ಟಾಮ್ಲ್, ಕಾರ್ಗೋ ಡಾಟ್ ಲಾಕ್. ಮಂಡಿಪೇಟೆಗೆ ಹೋಗುವಾಗ ಮನೆಯಲ್ಲಿ ಬರೆದುಕೊಡುವ ಸಾಮಾನಿನ ಪಟ್ಟಿ ಇದೆಯಲ್ಲ, ಟಾಮ್ಲ್ ಅದೇ. ಅಂಗಡಿಯವರು ಯಾವ ಕಂಪನಿಯದು, ಎಷ್ಟು ಕೊಟ್ಟರು ಅಂತ ಬರೆಯುವ ಬಿಲ್ಲು ಲಾಕ್. ಪಟ್ಟಿಯಲ್ಲಿ ಕ್ರೇಟಿನ ಆವೃತ್ತಿ 0.7 ಅಂತ ಇದ್ದರೆ ಕಾರ್ಗೋ 0.7ರ ಒಳಗಿನ ಹೊಸದನ್ನು ತರುತ್ತದೆ, 0.8ಕ್ಕೆ ಹೋಗುವುದಿಲ್ಲ. 1.2 ಅಂತ ಇದ್ದರೆ 2.0 ಮುಟ್ಟುವುದಿಲ್ಲ. ಆರಿಸಿದ್ದು ಯಾವುದು ಅಂತ ಲಾಕ್‌ನಲ್ಲಿ ಬರೆದಿಡುತ್ತದೆ, ಮುಂದಿನ ಸಲ ಅದನ್ನೇ ತರುತ್ತದೆ. ನೀವೇ 'ಕಾರ್ಗೋ ಅಪ್‌ಡೇಟ್' ಅಂದಾಗ ಮಾತ್ರ ಹೊಸದನ್ನು ಹುಡುಕುತ್ತದೆ.

ನಮ್ಮ ಹುಡುಗ ಆವೃತ್ತಿಯ ಜಾಗದಲ್ಲಿ ಸುಮ್ನೆ ನಕ್ಷತ್ರದ ಗುರುತು ಹಾಕಿದ್ದ. ಯಾವುದಾದರೂ ಸರಿ ಅಂತ ಅದರ ಅರ್ಥ. ಅವನ ಲಾಕ್‌ನಲ್ಲಿ 0.7 ಇತ್ತು. ಆ ಫೈಲನ್ನು ತರದ ಕಾರಣ ಪೆಂಡಾಲಿನಲ್ಲಿ ಹೊಸ ಆವೃತ್ತಿ ಇಳಿಯಿತು. ನಂಬರ್ ಆರಿಸುವಾಗ 0.7ರಲ್ಲಿ 1, 501 ಅಂತ ಎರಡು ಸಂಖ್ಯೆ ಬೇರೆ ಬೇರೆ ಕೊಡಬೇಕಿತ್ತು (ಕೊನೆಯ ಸಂಖ್ಯೆ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೇ 501). 0.8ರಿಂದ ನಡುವೆ ಎರಡು ಚುಕ್ಕಿ ಇಟ್ಟು ಒಂದಾಗಿ ಕೊಡಬೇಕು. ಅಲ್ಪವಿರಾಮದ ಜಾಗದಲ್ಲಿ ಎರಡು ಚುಕ್ಕಿ, ಅಷ್ಟೇ ವ್ಯತ್ಯಾಸ. ಆದ್ದರಿಂದ ನಕ್ಷತ್ರ ಬೇಡವೇ ಬೇಡ.

ಹಾಸ್ಟೆಲ್‌ನಿಂದ ಜಗಳೂರು ಕಡೆಯ ಹಳ್ಳಿಗೆ ರಜೆಗೆ ಹೊರಟಿದ್ದೀರಾ, ಅಲ್ಲಿ ನೆಟ್ ಸಿಗದೆಂಬ ಚಿಂತೆಯಾ? ಹೊರಡುವ ಮುಂಚೆ 'ಕಾರ್ಗೋ ಫೆಚ್' ಕೊಡಿ. ಬೇಕಾದ ಕ್ರೇಟುಗಳೆಲ್ಲ ಇಳಿದುಬಿಡುತ್ತವೆ. ಊರಲ್ಲಿ 'ಕಾರ್ಗೋ ಬಿಲ್ಡ್' ಬರೆದು, ಜಾಗ ಬಿಟ್ಟು, ಎರಡು ಅಡ್ಡಗೆರೆ ಹಾಕಿ 'ಆಫ್‌ಲೈನ್' ಸೇರಿಸಿ. ನೆಟ್ ಇಲ್ಲದೆಯೂ ಕೆಲಸ ಸಾಗುತ್ತದೆ.

ಪ್ರಾಜೆಕ್ಟನ್ನು ಗೆಳೆಯರಿಗೆ ಪೆನ್‌ಡ್ರೈವ್‌ನಲ್ಲಿ ಕೊಡುವುದಾದರೆ ಮೊದಲು 'ಕಾರ್ಗೋ ಕ್ಲೀನ್' ಮಾಡಿ. ಕಾರ್ಗೋ ಕಟ್ಟಿದ್ದೆಲ್ಲ ತುಂಬಿ ಊದಿಕೊಂಡಿರುವ ಟಾರ್ಗೆಟ್ ಫೋಲ್ಡರ್ ಹೋಗುತ್ತದೆ, ಲಾಕ್ ಉಳಿಯುತ್ತದೆ. ಆ ಕಡೆಯವರು ಕಟ್ಟುವಾಗ ಅದೇ ಥರ ಎರಡು ಅಡ್ಡಗೆರೆ ಹಾಕಿ 'ಲಾಕ್ಡ್' ಸೇರಿಸಲಿ. ಬಿಲ್ಲಿಗೂ ಪಟ್ಟಿಗೂ ಹೊಂದದಿದ್ದರೆ ಕಾರ್ಗೋ ಅಲ್ಲೇ ನಿಲ್ಲಿಸಿ ಹೇಳುತ್ತದೆ.