ಸೊಪ್ಪಿನ ಬೆಟ್ಟದ ಬೇರುಕೊಳೆ: ಅಗಳ (ಕಂದಕ) ಎಲ್ಲಿ ತೋಡಬೇಕು, ಎಲ್ಲಿ ಬೇಡ

ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಕಾಡೇ ಸೊಪ್ಪಿನ ಬೆಟ್ಟ. ಮಣ್ಣಲ್ಲಿ ನೆಲೆಯೂರಿದ ಬೇರುರೋಗವನ್ನು ಇಂಥ ಕಾಡಿನಲ್ಲಿ ಔಷಧಿ ಹಾಕಿ ತೆಗೆಯಲಾಗದು. ಬೆಟ್ಟದಲ್ಲಿ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಸುರಿದರೆ ತಾಮ್ರ ಹಳ್ಳಕ್ಕೆ ಹೋಗುತ್ತದೆ, ರೋಗ ಇದ್ದಲ್ಲೇ ಇರುತ್ತದೆ. ರೋಗ ಪಕ್ಕಕ್ಕೆ ದಾಟದಂತೆ ತಡೆಯುವುದಷ್ಟೇ ನಮ್ಮ ಕೈಲಿರುವ ಕೆಲಸ.

ಮೊದಲು ಯಾವ ರೋಗವೆಂದು ನೋಡಿ. ತುದಿ ಒಣಗಿ, ಎಲೆ ತೆಳುವಾಗಿ, ಬುಡದಲ್ಲಿ ಕೆಂಗಂದು ಮೇಲ್ಮೈಯ, ಅಡಿಭಾಗ ಬಿಳಿಯಿರುವ ಗಟ್ಟಿ ಅಣಬೆ ಬಂದಿದ್ದರೆ ಅದು ಗ್ಯಾನೋಡರ್ಮಾ ಎಂಬ ಶಿಲೀಂಧ್ರ. ಅಡಿಕೆಗೆ ಅಣಬೆ ರೋಗ ತರುವುದೂ ಇದೇ ಕುಲ. ಕಾರವಾರದ ಕಡೆ ಗಾಳಿಮರದ ತೋಪಿಗೂ ಇದು ಬರುತ್ತದೆ. ಬೇರಿಗೆ ಬೇರು ತಾಗಿ ಹರಡುವುದರಿಂದ ಮರಗಳು ಒಂದರ ಪಕ್ಕ ಒಂದು ಸಾಯುತ್ತವೆ.

ಅಣಬೆ ಇಲ್ಲದೆ, ನೀರು ಹರಿಯುವ ದಾರಿಯುದ್ದಕ್ಕೂ ಗಿಡ ಸೊರಗಿದರೆ ನೀರಿನಲ್ಲಿ ಹರಡುವ ಫೈಟಾಫ್ತೊರಾ ಎಂಬ ರೋಗಾಣು ಇರಬಹುದು. ದರಕು ಸರಿಸಿ, 10–15 ಸೆಂ.ಮೀ. ಆಳದಿಂದ ಹೀರುಬೇರಿನ ಸಮೇತ 100 ಗ್ರಾಂ ಮಣ್ಣು ತೆಗೆಯಿರಿ. ಅಗಲ ಪಾತ್ರೆಯಲ್ಲಿ 300 ಮಿ.ಲೀ. ಬಾವಿನೀರಿಗೆ ಹಾಕಿ, ಕೆಸರು ತಳ ಕಂಡ ಮೇಲೆ ಕಾಳುಮೆಣಸಿನ ಎಳೆ ಎಲೆಯ ಚೂರು ತೇಲಿಬಿಡಿ. ನೆರಳಲ್ಲಿಟ್ಟ 3–5 ದಿನದಲ್ಲಿ ನೀರುಂಡಂಥ ಕಪ್ಪು ಮಚ್ಚೆ ಎದ್ದರೆ ಅನುಮಾನ ಬಲವಾಯಿತು. ಇದರ ಹತ್ತಿರದ ರೋಗಾಣು ಪಿಥಿಯಂ ಕೂಡ ಮಚ್ಚೆ ತರುತ್ತದೆ, ಹಾಗಾಗಿ ಆ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಲ್ಲವರಿಗೆ ತೋರಿಸಿಯೇ ಖಚಿತಪಡಿಸಿಕೊಳ್ಳಿ.

ಗ್ಯಾನೋಡರ್ಮಾಕ್ಕೆ ಅಗಳವೇ ತಡೆ. ಬೆಟ್ಟದಲ್ಲಿ ಮರ ಕಡಿಯಲು, ಅಗಳ ತೋಡಲು ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. 60 ಸೆಂ.ಮೀ. ಆಳ, 30 ಸೆಂ.ಮೀ. ಅಗಲ ಸಾಕು, ಆದರೆ ಅಡ್ಡ ಬಂದ ಬೇರು ಒಂದೂ ಉಳಿಯಬಾರದು. ಹೆಚ್ಚಿನವರು ತಪ್ಪುವುದು ಜಾಗದಲ್ಲಿ: ರೋಗದ ಮರಕ್ಕೆ ಒತ್ತಿ ತೋಡುತ್ತಾರೆ. ತಲೆ ಒಣಗುವ ಎಷ್ಟೋ ಮೊದಲೇ ಬೇರು ಕೊಳೆತಿರುತ್ತದೆ, ಆದ್ದರಿಂದ ಸುತ್ತಲಿನ ಒಂದು ಸಾಲು ಚೆನ್ನಾಗಿ ಕಾಣುವ ಮರಗಳನ್ನೂ ಒಳಗೆ ಸೇರಿಸಿಕೊಂಡು ಅದರಾಚೆ ತೋಡಬೇಕು. ತೆಗೆದ ಮಣ್ಣು, ಬೇರಿನ ತುಂಡು ಒಳಬದಿಗೇ ಬೀಳಲಿ. ಇಳಿಜಾರಿನಲ್ಲಿ ಬೇರು ಕಡಿದಾದ ಮೇಲೆ ನಾಲ್ಕಾರು ಅಡಿಗೊಂದು ಮಣ್ಣಿನ ಅಡ್ಡದಿಂಡು ಕಟ್ಟಿ, ಇಲ್ಲವಾದರೆ ಆರಿದ್ರಾ ಮಳೆಗೆ ಅಗಳವೇ ಕಾಲುವೆಯಾಗಿ ಮಣ್ಣು ಕೊಚ್ಚುತ್ತದೆ. ದೀಪಾವಳಿ ಕಳೆದು ಮಣ್ಣು ಅಂಟದಂತಾದ ಮೇಲೆ ಈ ಕೆಲಸ ಹಿಡಿಯಿರಿ. ಪ್ರತಿ ವರ್ಷ ಅಗಳ ಚೊಕ್ಕ ಮಾಡದಿದ್ದರೆ ಹೊಸ ಬೇರು ದಾಟುತ್ತದೆ.

ಅಣಬೆ ಕಿತ್ತು ಸುಟ್ಟರೆ ಬೀಜಕಣ ಕಡಿಮೆಯಾದೀತು, ಮರ ಗುಣವಾಗದು.

ರೋಗ ಬಂದ ಜಾಗದ ದರಕನ್ನು ತೋಟಕ್ಕೆ ಒಯ್ಯಲೇಬೇಡಿ. ಸೊಪ್ಪು ತರಲು ಹೋದವರ ಕಾಲು, ಕತ್ತಿ, ಹೆಡಿಗೆಗಳಲ್ಲೇ ರೋಗದ ಮಣ್ಣು ಎರಡೂ ಕಡೆ ಓಡಾಡುತ್ತದೆ. ಒಳ್ಳೆಯ ಬೆಟ್ಟದ ಕೆಲಸ ಮೊದಲು ಮುಗಿಸಿ, ರೋಗದ ಜಾಗಕ್ಕೆ ಕಡೆಗೆ ಹೋಗಿ. ಹೊರಬರುವಾಗ ಬ್ರಷ್‌ನಿಂದ ಮಣ್ಣು ಪೂರ್ತಿ ಉಜ್ಜಿ, ಆಮೇಲೆ ಚಪ್ಪಲಿ, ಹಾರೆಗಳಿಗೆ 70% ಸ್ಪಿರಿಟ್ ಬಳಿಯಿರಿ. ಮಣ್ಣಿನ ಮೇಲೆಯೇ ಸ್ಪಿರಿಟ್ ಹಾಕಿದರೆ ಒಳಗಿನದು ಸಾಯುವುದಿಲ್ಲ.

ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾವನ್ನು ದೊಡ್ಡ ಮರದ ಬುಡಕ್ಕೆ ಸುರಿಯುವುದು ದಂಡ. ಖಾಲಿ ಜಾಗಕ್ಕೆ ಮತ್ತಿ, ಹೊನ್ನೆ ನೆಡುವಾಗ ಬಳಸಿ: 100 ಕೆ.ಜಿ. ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 1 ಕೆ.ಜಿ. ಬೆರೆಸಿ, ನೆರಳಲ್ಲಿ ತೇವ ಆರದಂತೆ 10–15 ದಿನ ಮುಚ್ಚಿಟ್ಟು, ನಡುವೆ ಮಗುಚಿ, ಗುಂಡಿಗೆ ಹಾಕಿ.

ಸಿದ್ದಾಪುರದ ಕತ್ತಲೆಕಾನಿನಂಥ ರಾಮಪತ್ರೆ ಜಡ್ಡಿಯಲ್ಲಿ (ರಾಮಪತ್ರೆ ಮರಗಳ ಜೌಗು ಕಾಡು) ಮಾತ್ರ ಅಗಳ ತೋಡುವ ಮಾತೇ ಬೇಡ. ಅಲ್ಲಿನ ಮರ ನಿಂತಿರುವುದೇ ಸದಾ ನೀರಿರುವ ನೆಲದ ಮೇಲೆ. ಅಗಳದಿಂದ ಆ ನೀರು ಬಸಿದುಹೋದರೆ ಯಾವ ಶಿಲೀಂಧ್ರವೂ ಬೇಕಿಲ್ಲ, ಕಾನು ತಾನಾಗಿ ಸಾಯುತ್ತದೆ.