ಇಂಗ್ಲೆಂಡಿನಲ್ಲಿ ಗೋಡೆ ಕೆಲಸ ಕೆಟ್ಟರೆ: ಬಿಲ್ಡರ್ ಮೇಲಿನ ದೂರನ್ನು ಬಗೆಹರಿಸಿಕೊಳ್ಳುವ ಕ್ರಮ

ಇಂಗ್ಲೆಂಡಿನಲ್ಲಿ ಗ್ಯಾಸ್ ಬಾಯ್ಲರ್ ಕೆಲಸವನ್ನು ವೃತ್ತಿಯಾಗಿ ಮಾಡುವವರಿಗೆ ಗ್ಯಾಸ್ ಸೇಫ್ ನೋಂದಣಿ ಇರಲೇಬೇಕು. ಆದರೆ ಇಟ್ಟಿಗೆ ಗೋಡೆ ಕಟ್ಟುವುದಕ್ಕಾಗಲಿ, ಚಿಮಣಿ ದುರಸ್ತಿಗಾಗಲಿ, ಹಳೆಯ ಗೋಡೆಯ ಸಂದುಗಳಿಗೆ ಹೊಸ ಗಾರೆ ತುಂಬುವುದಕ್ಕಾಗಲಿ ಯಾವ ಪರವಾನಗಿಯೂ ಬೇಕಿಲ್ಲ. ವ್ಯಾನಿನ ಮೇಲೆ ಹೆಸರು ಬರೆಸಿಕೊಂಡವರೆಲ್ಲರೂ ಇಲ್ಲಿ ಬಿಲ್ಡರುಗಳೇ. ಆದ್ದರಿಂದ ಕೆಟ್ಟ ಕೆಲಸ ಮಾಡಿದವನ ಲೈಸೆನ್ಸ್ ರದ್ದುಪಡಿಸಿ ಎಂದು ಅರ್ಜಿ ಕೊಡಬಹುದಾದ ಕಚೇರಿಯೊಂದನ್ನು ಹುಡುಕಿ ಹೊರಡುವುದರಲ್ಲಿ ಅರ್ಥವಿಲ್ಲ, ಅಂಥ ಕಚೇರಿಯೇ ಇಲ್ಲ. ಇಲ್ಲಿನ ಕಾನೂನು ಕೆಲಸಗಾರನನ್ನು ಮೊದಲೇ ಪರೀಕ್ಷಿಸುವುದಿಲ್ಲ. ಕೆಲಸ ಮುಗಿದ ಮೇಲೆ ಅದು ಸರಿಯಾಗಿತ್ತೇ, ಸರಿಯಿಲ್ಲದಿದ್ದರೆ ತಿದ್ದಿಕೊಳ್ಳಲು ಮನೆಯವರು ಅವಕಾಶ ಕೊಟ್ಟರೇ, ಅದಕ್ಕೆಲ್ಲ ಬರಹದ ದಾಖಲೆ ಇದೆಯೇ ಎಂದು ಕೇಳುತ್ತದೆ. ಈ ಮೂರಕ್ಕೂ ಉತ್ತರವಿದ್ದವರಿಗೆ ವ್ಯವಸ್ಥೆ ಸಾಕಷ್ಟು ಅನುಕೂಲಕರವಾಗಿದೆ. ಇಲ್ಲದವರಿಗೆ ಎಷ್ಟು ನ್ಯಾಯವಾದ ದೂರೂ ಕೈಕೊಡಬಹುದು.

ಮುಂದೆ ಹೇಳುವ ವಿಷಯ ಇಂಗ್ಲೆಂಡ್ ಮತ್ತು ವೇಲ್ಸಿಗೆ ಅನ್ವಯಿಸುತ್ತದೆ. ಮೂಲ ಗ್ರಾಹಕ ಕಾನೂನು ಸ್ಕಾಟ್ಲೆಂಡಿನಲ್ಲಿಯೂ ಅದೇ ಆಗಿದ್ದರೂ ನ್ಯಾಯಾಲಯದ ಕ್ರಮ ಬೇರೆ. ಅಲ್ಲಿ 5,000 ಪೌಂಡಿನವರೆಗಿನ ದಾವೆಗಳು ಸಿಂಪಲ್ ಪ್ರೊಸೀಜರ್ ಎಂಬ ಕ್ರಮದಲ್ಲಿ ನಡೆಯುತ್ತವೆ, ಕಾಲಮಿತಿ ಸಾಮಾನ್ಯವಾಗಿ 5 ವರ್ಷ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಕರಾರು ಮುರಿದುದಕ್ಕೆ ದಾವೆ ಹೂಡಲು 6 ವರ್ಷಗಳ ಕಾಲಾವಕಾಶವಿದೆ.

ಆಧಾರವಾಗಿ ನಿಲ್ಲುವುದು 2015ರ ಕನ್ಸ್ಯೂಮರ್ ರೈಟ್ಸ್ ಆ್ಯಕ್ಟ್. ಅದರ 49ನೆಯ ಸೆಕ್ಷನ್ನಿನ ಪ್ರಕಾರ ಸೇವೆ ಒದಗಿಸುವ ವ್ಯಾಪಾರಿಯು ಆ ಕೆಲಸಕ್ಕೆ ತಕ್ಕಷ್ಟು ಕಾಳಜಿ ಮತ್ತು ಕುಶಲತೆಯಿಂದ ಅದನ್ನು ಮಾಡಬೇಕು. ಈ ಮಾತು ಕರಾರಿನಲ್ಲಿ ಬರೆದಿರದಿದ್ದರೂ ಇದೆಯೆಂದೇ ಲೆಕ್ಕ, ಮತ್ತು ಅದನ್ನು ತೆಗೆದುಹಾಕುವ ಷರತ್ತನ್ನು ಬಿಲ್ಡರ್ ಸೇರಿಸಿದ್ದರೂ ಅದು ಊರ್ಜಿತವಾಗುವುದಿಲ್ಲ. 50ನೆಯ ಸೆಕ್ಷನ್ ಇನ್ನೂ ಉಪಯುಕ್ತ: ಕೆಲಸದ ಬಗ್ಗೆ ಬಿಲ್ಡರ್ ಹೇಳಿದ ಅಥವಾ ಬರೆದ ಮಾತನ್ನು ನಂಬಿ ನೀವು ಒಪ್ಪಿಕೊಂಡಿದ್ದರೆ ಆ ಮಾತೂ ಕರಾರಿನ ಭಾಗವಾಗುತ್ತದೆ. ಹಳೆಯ ಇಟ್ಟಿಗೆಗೆ ಹೊಂದುವ ಸುಣ್ಣದ ಗಾರೆಯನ್ನೇ ಬಳಸುತ್ತೇನೆಂದು ಆತ ವಾಟ್ಸ್ಯಾಪಿನಲ್ಲಿ ಬರೆದಿದ್ದರೆ ಆ ಸಂದೇಶವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಇಟ್ಟಿಗೆ, ಕಲ್ಲು ಮುಂತಾದ ಸಾಮಗ್ರಿಯನ್ನು ಆತನೇ ತಂದಿದ್ದರೆ ಅವು ತೃಪ್ತಿಕರ ಗುಣಮಟ್ಟದವಾಗಿರಬೇಕೆಂಬುದು ಅದೇ ಕಾನೂನಿನ ಇನ್ನೊಂದು ಭಾಗ.

ಕೆಲಸ ಈ ಮಟ್ಟಕ್ಕೆ ಬರದಿದ್ದರೆ ಮೊದಲು ಸಿಗುವ ಹಕ್ಕು ಅದನ್ನು ಮತ್ತೆ ಸರಿಯಾಗಿ ಮಾಡಿಸಿಕೊಳ್ಳುವುದು. ಅದನ್ನು ಬಿಲ್ಡರ್ ತನ್ನ ಖರ್ಚಿನಲ್ಲಿ, ಸಮಂಜಸವಾದ ಅವಧಿಯಲ್ಲಿ, ನಿಮಗೆ ಹೆಚ್ಚಿನ ತೊಂದರೆಯಾಗದಂತೆ ಮಾಡಬೇಕು. ಅದು ಸಾಧ್ಯವಿಲ್ಲದಿದ್ದರೆ ಅಥವಾ ಆತ ಮಾಡದೆಹೋದರೆ ಬೆಲೆಯಲ್ಲಿ ಕಡಿತ ಕೇಳಬಹುದು, ಕೆಲಸ ತೀರಾ ನಿರುಪಯುಕ್ತವಾಗಿದ್ದರೆ ಆ ಕಡಿತ ಪೂರ್ತಿ ಮೊತ್ತದಷ್ಟೂ ಆಗಬಹುದು. ಇದರ ಜೊತೆಗೆ, ಕೆಟ್ಟ ಕೆಲಸವನ್ನು ಬೇರೆಯವರಿಂದ ಸರಿಪಡಿಸಲು ತಗಲುವ ಖರ್ಚನ್ನು ನಷ್ಟಪರಿಹಾರವಾಗಿ ಕೇಳುವ ಹಳೆಯ ಹಕ್ಕೂ ಉಳಿದೇ ಇದೆ.

ಹಾಗಾದರೆ ಗಾರೆ ಕೆಲಸದಲ್ಲಿ ಯಾವುದು ದೋಷ, ಯಾವುದು ದೋಷವಲ್ಲ? ಬಹಳ ದೂರುಗಳು ದುರ್ಬಲವಾಗುವುದು ಈ ಪ್ರಶ್ನೆಯಲ್ಲಿ. ಇಲ್ಲಿನ ಇಟ್ಟಿಗೆಯ ರೂಢಿಯ ಅಳತೆ 215 x 102.5 x 65 ಮಿಲಿಮೀಟರ್, ಸಂದಿನ ರೂಢಿಯ ದಪ್ಪ 10 ಮಿಲಿಮೀಟರ್. ಸಂದುಗಳು ಒಂದೆಡೆ ತೆಳ್ಳಗೆ, ಇನ್ನೊಂದೆಡೆ ಎರಡರಷ್ಟು ದಪ್ಪವಾಗಿದ್ದರೆ, ರಸಮಟ್ಟ ಇಟ್ಟಾಗ ಇಟ್ಟಿಗೆಯ ಸಾಲುಗಳು ಇಳಿಜಾರಾಗಿದ್ದರೆ, ತೂಗುಗುಂಡು ಬಿಟ್ಟಾಗ ಗೋಡೆ ವಾಲಿದ್ದು ಕಂಡರೆ ಅದು ಅಳೆದು ತೋರಿಸಬಹುದಾದ ದೋಷ. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುವ ಹೊಸ ಸಿಮೆಂಟ್ ಗಾರೆಯೂ ಹಾಗೆಯೇ. ಮಿಶ್ರಣದಲ್ಲಿ ಸಿಮೆಂಟ್ ಕಡಿಮೆಯಾಗಿರಬಹುದು, ಇಲ್ಲವೇ ಹೆಪ್ಪುಗಟ್ಟುವ ಚಳಿಯಲ್ಲಿ ಕೆಲಸ ಮಾಡಿರಬಹುದು. ತಾಪಮಾನ 3 ಡಿಗ್ರಿ ಸೆಲ್ಸಿಯಸ್‌ಗೆ ಬಂದು ಇನ್ನೂ ಇಳಿಯುತ್ತಿರುವಾಗ ಇಟ್ಟಿಗೆ ಕಟ್ಟಬಾರದೆಂಬುದು ಈ ದೇಶದ ಕಸುಬುದಾರರೆಲ್ಲ ಬಲ್ಲ ನಿಯಮ. ಹೊರಗೋಡೆಯಲ್ಲಿ ತೇವ ಮೇಲೇರದಂತೆ ಹಾಕುವ ಪದರ ನೆಲದ ಮಟ್ಟದಿಂದ ಕನಿಷ್ಠ 150 ಮಿಲಿಮೀಟರ್ ಮೇಲಿರಬೇಕು. ಹೊಸದಾಗಿ ಹಾಸಿದ ಅಂಗಳ ಈ ಪದರವನ್ನು ಮುಚ್ಚಿಬಿಟ್ಟಿದ್ದರೆ ಒಳಗಿನ ಗೋಡೆಗೆ ತೇವ ಹತ್ತಲು ದಾರಿಯಾಗುತ್ತದೆ.

ಹಳೆಯ ಮನೆಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಮೊದಲ ಮಹಾಯುದ್ಧಕ್ಕಿಂತ ಮುಂಚೆ ಕಟ್ಟಿದ ಮನೆಗಳಲ್ಲಿ ಹೆಚ್ಚಿನವು ನಡುವೆ ಟೊಳ್ಳಿಲ್ಲದ ಗಟ್ಟಿ ಗೋಡೆಯವು, ಸುಣ್ಣದ ಗಾರೆಯಲ್ಲಿ ಕಟ್ಟಿದವು. ಮಳೆಯಲ್ಲಿ ನೆನೆದ ಗೋಡೆ ತನ್ನ ತೇವವನ್ನು ಮೆದುವಾದ ಆ ಸಂದುಗಳ ಮೂಲಕವೇ ಹೊರಹಾಕಿ ಒಣಗುತ್ತದೆ. ಅಂಥ ಸಂದುಗಳನ್ನು ಗಟ್ಟಿ ಸಿಮೆಂಟಿನಿಂದ ಮುಚ್ಚಿದರೆ ನೀರು ಇಟ್ಟಿಗೆಯಲ್ಲೇ ಉಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ, ಇಟ್ಟಿಗೆಯ ಮುಖವೇ ಚಕ್ಕೆಚಕ್ಕೆಯಾಗಿ ಕಳಚುತ್ತದೆ. ಕೆಲಸ ಮುಗಿದ ದಿನ ಇದು ಅಚ್ಚುಕಟ್ಟಾಗಿ ಕಾಣುತ್ತದೆ, ಹಾನಿ ಗೊತ್ತಾಗುವುದು ಒಂದೆರಡು ಚಳಿಗಾಲ ಕಳೆದ ಮೇಲೆ. ನನ್ನ ಅಭಿಪ್ರಾಯದಲ್ಲಿ ಇಲ್ಲಿನ ಗಾರೆ ಕೆಲಸದ ದೋಷಗಳಲ್ಲೆಲ್ಲ ಹೆಚ್ಚು ಹಾನಿ ಮಾಡುವುದು ಇದೇ, ಹೆಚ್ಚು ಕಡೆಗಣಿಸಲ್ಪಡುವುದೂ ಇದೇ. ಮನೆ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದ್ದರೆ ಇಂಥ ಬದಲಾವಣೆಗೆ ಸ್ಥಳೀಯ ಕೌನ್ಸಿಲ್ಲಿನ ಅನುಮತಿಯೂ ಬೇಕಾಗಬಹುದು, ಆ ಹೊಣೆ ಮನೆಯೊಡೆಯರ ಮೇಲೂ ಬರುತ್ತದೆ.

ಇದಕ್ಕೆ ವಿರುದ್ಧವಾಗಿ, ಹೊಸ ಗೋಡೆಯ ಮೇಲೆ ಮೊದಲ ತಿಂಗಳುಗಳಲ್ಲಿ ಬಿಳಿಯ ಉಪ್ಪು ಮೂಡುವುದು ಸಾಮಾನ್ಯವಾಗಿ ದೋಷವಲ್ಲ, ಒಣ ಬ್ರಷ್ಷಿನಿಂದ ಉಜ್ಜಿದರೆ ಅದು ಹೋಗುತ್ತದೆ. ಗಾರೆಯ ಬಣ್ಣ ಹಳೆಯದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಹೊಂದಬೇಕೆಂಬ ನಿರೀಕ್ಷೆಯನ್ನೂ, ಮೊದಲೇ ಬರೆದುಕೊಂಡಿರದಿದ್ದರೆ, ನ್ಯಾಯಾಲಯ ಎತ್ತಿಹಿಡಿಯುವ ಸಂಭವ ಕಡಿಮೆ. ದೂರಿನಲ್ಲಿ ಸಣ್ಣಪುಟ್ಟದ್ದನ್ನೆಲ್ಲ ತುರುಕಿದರೆ ದೊಡ್ಡ ದೋಷದ ತೂಕ ಇಳಿಯುತ್ತದೆ.

ದೋಷ ಕಂಡ ಕೂಡಲೇ ಮಾಡಬೇಕಾದ ಕೆಲಸ ಫೋಟೋ ತೆಗೆಯುವುದು: ಇಡೀ ಗೋಡೆಯದು, ದೋಷದ ಸಮೀಪದ್ದು, ಟೇಪು ಅಥವಾ ರಸಮಟ್ಟ ಹಿಡಿದದ್ದು. ಉಳಿದ ಹಣ ಕೊಡುವುದಿದ್ದರೆ ದೋಷಪೂರಿತ ಭಾಗಕ್ಕೆ ತಕ್ಕಷ್ಟನ್ನು ತಡೆಹಿಡಿದು, ಏಕೆ ತಡೆಹಿಡಿದಿದ್ದೀರೆಂದು ಬರಹದಲ್ಲಿ ತಿಳಿಸಬಹುದು. ಎಲ್ಲವನ್ನೂ ತಡೆಹಿಡಿದರೆ ಆತನೇ ನಿಮ್ಮ ಮೇಲೆ ದಾವೆ ಹೂಡಲು ಕಾರಣ ಸಿಕ್ಕಂತಾಗುತ್ತದೆ. ಆಮೇಲೆ ಬಿಲ್ಡರಿಗೆ ಪತ್ರ ಅಥವಾ ಇಮೇಲ್ ಬರೆಯಬೇಕು. ಕೆಲಸದ ದಿನಾಂಕ, ಒಪ್ಪಿಕೊಂಡ ಮೊತ್ತ, ಕೊಟ್ಟ ಹಣ, ಕಂಡುಬಂದ ದೋಷಗಳು, 2015ರ ಕಾನೂನಿನಡಿ ಕೆಲಸವನ್ನು ಮತ್ತೆ ಸರಿಯಾಗಿ ಮಾಡಿಕೊಡಬೇಕೆಂಬ ಕೋರಿಕೆ, ಬಂದು ನೋಡಲು ಮತ್ತು ಕೆಲಸ ಮುಗಿಸಲು ಗೊತ್ತುಪಡಿಸಿದ ದಿನಾಂಕಗಳು ಅದರಲ್ಲಿರಬೇಕು, ಬೈಗುಳ ಇರಬಾರದು. ಮುಂದೆ ನ್ಯಾಯಾಧೀಶರು ಓದುವ ಮೊದಲ ಕಾಗದ ಬಹುತೇಕ ಇದೇ ಆಗಿರುತ್ತದೆ. ಫೋನಿನಲ್ಲಿ ಮಾತಾಡಿದ್ದರೆ ಅದೇ ದಿನ ಮಾತಿನ ಸಾರಾಂಶವನ್ನು ಇಮೇಲ್ ಮಾಡಿ ಖಚಿತಪಡಿಸಿಕೊಳ್ಳಬೇಕು.

ಸಿಟ್ಟಿನಲ್ಲಿ ಇನ್ನೊಬ್ಬ ಮೇಸ್ತ್ರಿಯನ್ನು ಕರೆಸಿ ಗೋಡೆ ಕೆಡವಿಸುವುದು ಈ ಹಂತದಲ್ಲಿ ಆಗುವ ಅತಿ ದೊಡ್ಡ ಹಾನಿ. ಕೆಡವಿದ ಗೋಡೆಯ ಜೊತೆ ಸಾಕ್ಷ್ಯವೂ ಹೋಗುತ್ತದೆ, ತಿದ್ದಿಕೊಳ್ಳಲು ತನಗೆ ಅವಕಾಶವೇ ಕೊಡಲಿಲ್ಲವೆಂದು ಬಿಲ್ಡರ್ ವಾದಿಸಿದರೆ ಪರಿಹಾರದ ಮೊತ್ತವೂ ಕಡಿಮೆಯಾಗಬಹುದು. ಗೋಡೆ ಬೀಳುವಂತಿದ್ದು ಅಪಾಯವಿದ್ದರೆ ಮಾತು ಬೇರೆ. ಆಗಲೂ ಮೊದಲು ಫೋಟೋ ಮತ್ತು ಬರಹದ ಸೂಚನೆ, ಆಮೇಲೆ ಆಧಾರ ಕೊಟ್ಟು ನಿಲ್ಲಿಸುವಷ್ಟೇ ತುರ್ತು ಕೆಲಸ.

ಬಿಲ್ಡರ್ ಒಪ್ಪದಿದ್ದರೆ ಸ್ವತಂತ್ರ ಅಭಿಪ್ರಾಯ ಬೇಕಾಗುತ್ತದೆ. ಆರ್‌ಐಸಿಎಸ್ ಎಂಬ ವೃತ್ತಿ ಸಂಸ್ಥೆಯ ಸದಸ್ಯತ್ವವಿರುವ ಚಾರ್ಟರ್ಡ್ ಸರ್ವೇಯರ್ (ಕಟ್ಟಡ ಪರೀಕ್ಷಿಸುವ ತಜ್ಞರು) ಬರೆದ ವರದಿಗೆ ಹೆಚ್ಚು ಬೆಲೆಯಿದೆ. ಆದರೆ ವರದಿಗೆ ಹಣ ಸುರಿಯುವ ಮೊದಲು ಎರಡು ವಿಷಯ ತಿಳಿದಿರಬೇಕು: ಸಣ್ಣ ದಾವೆಗಳಲ್ಲಿ ತಜ್ಞರ ವರದಿಯನ್ನು ಸಾಕ್ಷ್ಯವಾಗಿ ಬಳಸಲು ನ್ಯಾಯಾಲಯದ ಅನುಮತಿ ಬೇಕು, ಮತ್ತು ಗೆದ್ದರೂ ತಜ್ಞರ ಶುಲ್ಕವೆಂದು ಮರಳಿ ಸಿಗುವುದು ಹೆಚ್ಚೆಂದರೆ 750 ಪೌಂಡ್. ದೋಷ ಕಣ್ಣಿಗೇ ಕಾಣುವಂತಿದ್ದು ದುರಸ್ತಿಯ ಖರ್ಚು ಸಣ್ಣದಾಗಿದ್ದರೆ, ಬೇರೆ ಇಬ್ಬರು ಮೂವರು ಬಿಲ್ಡರುಗಳಿಂದ ದೋಷದ ವಿವರಣೆಯೊಂದಿಗೆ ಬರೆಸಿಕೊಂಡ ದುರಸ್ತಿ ಕೊಟೇಶನ್ನುಗಳು ಎಷ್ಟೋ ಸಲ ಸಾಕಾಗುತ್ತವೆ.

ಮನೆಯ ವಿಮೆಯನ್ನು ಇಲ್ಲಿ ಹೆಚ್ಚು ನಂಬಬಾರದು. ಕಳಪೆ ಕೆಲಸವನ್ನು ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಆದರೆ ಅದೇ ಪಾಲಿಸಿಯಲ್ಲಿ ಕಾನೂನು ವೆಚ್ಚದ ವಿಮೆ ಸೇರಿದೆಯೇ ಎಂದು ನೋಡುವುದು ಒಳ್ಳೆಯದು. ಕೌನ್ಸಿಲ್ಲಿನ ಬಿಲ್ಡಿಂಗ್ ಕಂಟ್ರೋಲ್ ವಿಭಾಗದ ಬಗ್ಗೆಯೂ ತಪ್ಪು ಕಲ್ಪನೆಯಿದೆ. ಅವರು ನೋಡುವುದು ಕಟ್ಟಡ ನಿಯಮಗಳ ಪಾಲನೆಯನ್ನು ಮಾತ್ರ, ಕೆಲಸದ ಅಂದಚೆಂದಕ್ಕೆ ಅವರು ಹೊಣೆಯಲ್ಲ. ನಿಯಮ ಮೀರಿದ ಕೆಲಸವನ್ನು ಸರಿಪಡಿಸುವಂತೆ ಅವರು ನೋಟಿಸ್ ಕೊಡುವುದು ಸಾಮಾನ್ಯವಾಗಿ ಬಿಲ್ಡರಿಗಲ್ಲ, ಮನೆಯೊಡೆಯರಿಗೆ. ವ್ಯಾಪಾರದ ನಿಯಮಗಳನ್ನು ಜಾರಿಗೊಳಿಸುವ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ಇಲಾಖೆ ವಂಚಕರ ಮೇಲೆ ಕ್ರಮ ಕೈಗೊಳ್ಳಬಹುದಾದರೂ ನಿಮ್ಮ ಹಣ ವಸೂಲಿ ಮಾಡಿಕೊಡುವುದಿಲ್ಲ. ಅಲ್ಲಿಗೆ ದೂರು ಮುಟ್ಟಿಸುವುದೂ, ಮುಂದಿನ ಹೆಜ್ಜೆಗೆ ಉಚಿತ ಸಲಹೆ ಪಡೆಯುವುದೂ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಗ್ರಾಹಕ ಸಹಾಯವಾಣಿಯ ಮೂಲಕ. ನಿಮ್ಮ ಬಿಲ್ಡರ್, ಬಿಲ್ಡರುಗಳ ಸಂಘವಾದ ಫೆಡರೇಶನ್ ಆಫ್ ಮಾಸ್ಟರ್ ಬಿಲ್ಡರ್ಸ್‌ನ ಸದಸ್ಯನಾಗಿದ್ದರೆ ಅಥವಾ ಕಸುಬುದಾರರ ಗುಣಮಟ್ಟ ಯೋಜನೆಯಾದ ಟ್ರಸ್ಟ್‌ಮಾರ್ಕ್ ನೋಂದಣಿ ಹೊಂದಿದ್ದರೆ ಅಲ್ಲಿನ ದೂರು ಕ್ರಮವನ್ನು ಮೊದಲು ಬಳಸಬೇಕು. ಲಾಂಛನ ಹಾಕಿಕೊಂಡವರೆಲ್ಲ ನಿಜವಾಗಿ ಸದಸ್ಯರಾಗಿರುವುದಿಲ್ಲ, ಆದ್ದರಿಂದ ಆ ಸಂಸ್ಥೆಯ ಪಟ್ಟಿಯಲ್ಲೇ ಹೆಸರು ನೋಡಿಕೊಳ್ಳಬೇಕು.

ಕ್ರೆಡಿಟ್ ಕಾರ್ಡಿನಲ್ಲಿ ಹಣ ಕೊಟ್ಟವರಿಗೆ ಇನ್ನೊಂದು ಬಾಗಿಲು ತೆರೆದಿರುತ್ತದೆ, ನ್ಯಾಯಾಲಯಕ್ಕಿಂತ ಮೊದಲು ಅದನ್ನೇ ತಟ್ಟಬೇಕೆಂದು ನಾನು ಹೇಳುತ್ತೇನೆ. 1974ರ ಕನ್ಸ್ಯೂಮರ್ ಕ್ರೆಡಿಟ್ ಆ್ಯಕ್ಟಿನ 75ನೆಯ ಸೆಕ್ಷನ್ ಪ್ರಕಾರ, ಕೆಲಸದ ಬೆಲೆ 100 ಪೌಂಡಿಗಿಂತ ಹೆಚ್ಚಿದ್ದು 30,000 ಪೌಂಡ್ ಮೀರದಿದ್ದರೆ, ಕರಾರು ಮುರಿದುದಕ್ಕೆ ಬಿಲ್ಡರಿನಷ್ಟೇ ಕಾರ್ಡ್ ಕೊಟ್ಟ ಬ್ಯಾಂಕೂ ಹೊಣೆ. ಮುಂಗಡವನ್ನು ಮಾತ್ರ ಕಾರ್ಡಿನಲ್ಲಿ ಕೊಟ್ಟಿದ್ದರೂ ಇಡೀ ಕೆಲಸಕ್ಕೆ ಈ ರಕ್ಷಣೆ ಸಿಗುತ್ತದೆ. ಬ್ಯಾಂಕ್ ನಿರಾಕರಿಸಿದರೆ ಅಥವಾ ದೂರು ಕೊಟ್ಟು 8 ವಾರಗಳಾದರೂ ಅಂತಿಮ ಉತ್ತರ ಕೊಡದಿದ್ದರೆ, ಬ್ಯಾಂಕುಗಳ ಮೇಲಿನ ದೂರುಗಳನ್ನು ತೀರ್ಮಾನಿಸುವ ಫೈನಾನ್ಶಿಯಲ್ ಓಂಬುಡ್ಸ್‌ಮನ್ ಸರ್ವಿಸ್‌ಗೆ ಉಚಿತವಾಗಿ ಹೋಗಬಹುದು. ಅಂತಿಮ ಉತ್ತರ ಬಂದ ಮೇಲೆ ಅದಕ್ಕೆ 6 ತಿಂಗಳ ಗಡುವಿದೆ. ವ್ಯಾಟ್ ಉಳಿಯುತ್ತದೆಂದು ರಸೀದಿಯಿಲ್ಲದೆ ನಗದು ಕೊಟ್ಟವರು ಶೇಕಡಾ 20ರ ಆ ಉಳಿತಾಯಕ್ಕಾಗಿ ಈ ರಕ್ಷಣೆಯನ್ನೂ, ಬಹುಮಟ್ಟಿಗೆ ಸಾಕ್ಷ್ಯವನ್ನೂ ಬಿಟ್ಟುಕೊಟ್ಟಿರುತ್ತಾರೆ.

ಇಷ್ಟಕ್ಕೂ ಬಗೆಹರಿಯದಿದ್ದರೆ ದಾವೆಗೆ ಮುಂಚಿನ ಅಂತಿಮ ಪತ್ರ ಬರೆಯಬೇಕು. ಕೇಳುವ ಮೊತ್ತ, ಅದರ ಲೆಕ್ಕ, ಆಧಾರದ ಕಾಗದಗಳ ಪ್ರತಿ ಇವನ್ನು ಕೊಟ್ಟು, ಸರಳ ವಿವಾದಗಳಲ್ಲಿ ಉತ್ತರಕ್ಕೆ 14 ದಿನ ಬಿಡುವುದು ರೂಢಿ. ಈ ಹೆಜ್ಜೆ ತಪ್ಪಿಸಿದವರನ್ನು ನ್ಯಾಯಾಲಯ ಪ್ರಶ್ನಿಸಬಹುದು. 10,000 ಪೌಂಡ್ ಮೀರದ ದಾವೆ ಕೌಂಟಿ ಕೋರ್ಟಿನ ಸಣ್ಣ ದಾವೆಗಳ ವಿಭಾಗಕ್ಕೆ ಹೋಗುತ್ತದೆ. ಅರ್ಜಿಯನ್ನು ಆನ್‌ಲೈನಿನಲ್ಲಿಯೇ ಸಲ್ಲಿಸಬಹುದು. ಶುಲ್ಕ ಮೊತ್ತಕ್ಕೆ ತಕ್ಕಂತೆ ಏರುತ್ತದೆ, ವಿಚಾರಣೆ ನಡೆದರೆ ಅದಕ್ಕೆ ಬೇರೆ ಶುಲ್ಕವಿದೆ, ಕಡಿಮೆ ಆದಾಯದವರಿಗೆ ರಿಯಾಯಿತಿಯೂ ಇದೆ. ವಕೀಲರು ಬೇಕಾಗಿಲ್ಲ, ಸೋತರೂ ಎದುರಾಳಿಯ ವಕೀಲರ ಖರ್ಚು ಸಾಮಾನ್ಯವಾಗಿ ನಿಮ್ಮ ಮೇಲೆ ಬೀಳುವುದಿಲ್ಲ. 2024ರ ಮೇ 22ರಿಂದ ಇಂಥ ಹಣದ ದಾವೆಗಳಲ್ಲಿ ವಿಚಾರಣೆಗೆ ಮುಂಚೆ ಉಚಿತ ಮಧ್ಯಸ್ಥಿಕೆಯಲ್ಲಿ ಭಾಗವಹಿಸುವುದು ಕಡ್ಡಾಯವಾಗಿದೆ. ಅದು ಸುಮಾರು ಒಂದು ಗಂಟೆಯ ಅವಧಿಯದು, ಫೋನಿನಲ್ಲಿ ನಡೆಯುತ್ತದೆ. ಮಧ್ಯಸ್ಥರು ಎರಡು ಕಡೆಯವರೊಂದಿಗೂ ಬೇರೆ ಬೇರೆಯಾಗಿ ಮಾತಾಡುತ್ತಾರೆ, ತೀರ್ಪು ಕೊಡುವುದಿಲ್ಲ. ಎಷ್ಟಕ್ಕೆ ಒಪ್ಪಬಹುದೆಂದು ಫೋನ್ ಬರುವ ಮೊದಲೇ ಮನೆಯವರೆಲ್ಲ ಕೂತು ನಿರ್ಧರಿಸಿಕೊಂಡಿರಬೇಕು.

ಪ್ರತಿವಾದಿಯ ಹೆಸರನ್ನು ಸರಿಯಾಗಿ ಬರೆಯುವುದು ಕೇಳಲು ಸಣ್ಣ ವಿಷಯ, ಆದರೆ ಅಲ್ಲಿ ತಪ್ಪಿದರೆ ಗೆದ್ದ ತೀರ್ಪೂ ಕಾಗದವಾಗಿಯೇ ಉಳಿಯುತ್ತದೆ. ಒಬ್ಬನೇ ನಡೆಸುವ ವ್ಯಾಪಾರವಾದರೆ ಆ ವ್ಯಕ್ತಿಯ ಹೆಸರು, ಲಿಮಿಟೆಡ್ ಕಂಪನಿಯಾದರೆ ಕಂಪನಿಯ ಪೂರ್ತಿ ಹೆಸರು ಮತ್ತು ನೋಂದಾಯಿತ ವಿಳಾಸ ಬೇಕು. ಕಂಪನಿಯಾದರೆ ಅದರ ನಿರ್ದೇಶಕ ಸ್ವಂತ ಹಣದಿಂದ ಸಾಲ ತೀರಿಸಬೇಕಾಗಿಲ್ಲ, ಆದ್ದರಿಂದ ದಾವೆಗೆ ಮುಂಚೆ ಕಂಪನಿಯಲ್ಲಿ ಏನಾದರೂ ಉಳಿದಿದೆಯೇ ಎಂದು ಕಂಪನಿಗಳ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ಉಚಿತ ದಾಖಲೆಗಳಲ್ಲಿ ಲೆಕ್ಕಪತ್ರ ನೋಡಬೇಕು. ತೀರ್ಪಾದ ಮೇಲೆ ಒಂದು ತಿಂಗಳೊಳಗೆ ಪೂರ್ತಿ ಹಣ ಕಟ್ಟದಿದ್ದರೆ ಅದು ಸಾರ್ವಜನಿಕ ನೋಂದಣಿಯಲ್ಲಿ 6 ವರ್ಷ ಉಳಿದು ಆತನಿಗೆ ಸಾಲ ಸಿಗುವುದನ್ನು ಕಷ್ಟಗೊಳಿಸುತ್ತದೆ. ಹಲವರು ಹಣ ಕಟ್ಟುವುದು ಈ ಭಯದಿಂದಲೇ. ಆಗಲೂ ಕಟ್ಟದಿದ್ದರೆ ಕೋರ್ಟಿನ ಅಮೀನರನ್ನು ಕಳಿಸುವಂತೆ, ಅಥವಾ ಬ್ಯಾಂಕ್ ಖಾತೆಯಿಂದ ವಸೂಲಿಗೆ ಆದೇಶ ಕೊಡುವಂತೆ ನೀವೇ ಅರ್ಜಿ ಹಾಕಬೇಕು, ನ್ಯಾಯಾಲಯ ತಾನಾಗಿ ಏನನ್ನೂ ವಸೂಲಿ ಮಾಡುವುದಿಲ್ಲ. ಇದರ ನಡುವೆ ಕಂಪನಿಯೇ ತನ್ನ ಹೆಸರನ್ನು ನೋಂದಣಿಯಿಂದ ತೆಗೆಸಲು ಅರ್ಜಿ ಸಲ್ಲಿಸಿದರೆ ಹಣ ಬರಬೇಕಾದವರು ಅದಕ್ಕೆ ಆಕ್ಷೇಪಣೆ ಸಲ್ಲಿಸಬಹುದು. ಅಂಥ ಅರ್ಜಿ ದಾಖಲಾದ ಕೂಡಲೇ ತಿಳಿಯುವಂತೆ, ದೂರು ಶುರುವಾದ ದಿನವೇ ಕಂಪನೀಸ್ ಹೌಸ್‌ನ ಉಚಿತ ಇಮೇಲ್ ಸೂಚನೆಗೆ ಹೆಸರು ಕೊಟ್ಟಿರಬೇಕು.